ಗ್ರಿಪ್ ಇದ್ದರೂ ಮಳೆಯಲ್ಲಿ ಜಾರುವ ಟೈರ್: ಬೈಕ್ ಟೈರ್ ಎಷ್ಟು ದಿನ, ಎಷ್ಟು ಕಿಲೋಮೀಟರ್?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನದು ಹಳೆಯ ಎಂಜಿನ್‌ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಸ್ಪೋಕ್ಸ್ ಚಕ್ರ, ಟ್ಯೂಬ್ ಹಾಕುವ ಟೈರ್. ಮುಂದೆ 90/90-19, ಹಿಂದೆ 110/90-18 (ಮೊದಲ ಅಂಕಿ ಟೈರ್ ಅಗಲ ಮಿಲಿಮೀಟರಿನಲ್ಲಿ, ಕೊನೆಯದು ಚಕ್ರದ ಅಳತೆ ಇಂಚಿನಲ್ಲಿ). ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಗಾಡಿ. ಮೊದಲಿನವರು ಹೆಚ್ಚಾಗಿ ಮನೆಯಲ್ಲೇ ನಿಲ್ಲಿಸಿದ್ದರು, ಮೀಟರ್ ಇನ್ನೂ ಹದಿನಾಲ್ಕು ಸಾವಿರದ ಹತ್ತಿರ ಇದೆ.

ಹಿಂದಿನ ಟೈರ್‌ನಲ್ಲಿ ಗ್ರಿಪ್ (ಗೆರೆಗಳ ಆಳ) ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಆದರೂ ಈ ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಹಿಂದಿನ ಬ್ರೇಕ್ ಸ್ವಲ್ಪ ಒತ್ತಿದರೆ ಸಾಕು, ಚಕ್ರ ಪಕ್ಕಕ್ಕೆ ಸರಿಯುತ್ತದೆ. ತಿರುವು ಮುಗಿಸಿ ಆಕ್ಸಿಲರೇಟರ್ ಕೊಡುವಾಗಲೂ ಹಾಗೇ. ಗಾಳಿ ಸರಿಯಾಗಿದೆ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನೋಡಿದ್ದೇನೆ. ಒಣ ರಸ್ತೆಯಲ್ಲಿ ಯಾವ ತೊಂದರೆಯೂ ಇಲ್ಲ.

ಇಷ್ಟು ಗ್ರಿಪ್ ಇರುವಾಗ ಟೈರ್ ಬದಲಾಯಿಸಬೇಕಾ? ನಿಮಗೆಲ್ಲ ಟೈರ್ ಎಷ್ಟು ಕಿಲೋಮೀಟರ್ ಬರುತ್ತಿದೆ?

ಸ್ಪ್ಲೆಂಡರ್ ನಿಷ್ಠ, ಹಾಸನ

ಅರ್ಧ ಗ್ರಿಪ್ ಇರುವ ಟೈರನ್ನು ಯಾಕೆ ಬಿಸಾಡುತ್ತೀರಿ ಸರ್? ನನ್ನ ಸ್ಪ್ಲೆಂಡರ್‌ನಲ್ಲಿ ಹಿಂದಿನ ಟೈರ್ ಮೂವತ್ತು ಸಾವಿರ ದಾಟುತ್ತದೆ. ಮುಂದಿನದಂತೂ ಐವತ್ತರ ಹತ್ತಿರ ಹೋಗುತ್ತದೆ. ಮಳೆಯಲ್ಲಿ ಎಲ್ಲ ಗಾಡಿಯೂ ಜಾರುತ್ತದೆ. ನಿಧಾನ ಹೋದರೆ ಆಯಿತು.

ಬೆಣ್ಣೆನಗರಿ ಟೈರ್, ದಾವಣಗೆರೆ

ನಾನು ಟೈರ್ ಅಂಗಡಿ ನಡೆಸುತ್ತೇನೆ. ಶಿವಮೊಗ್ಗದ ಅಣ್ಣ, ಕಿಲೋಮೀಟರ್ ಆಮೇಲೆ ನೋಡೋಣ, ಮೊದಲು ಟೈರ್ ಹುಟ್ಟಿದ ತಾರೀಖು ನೋಡಿ.

ಟೈರ್ ಪಕ್ಕದ ಗೋಡೆಯ ಮೇಲೆ ಡಿ.ಓ.ಟಿ. ಅನ್ನುವ ಅಕ್ಷರಗಳ ಜೊತೆಗೋ ಬರೀ ಸಂಖ್ಯೆಯಾಗಿಯೋ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂತ ಇದ್ದರೆ 2019ರ 23ನೇ ವಾರ, ಅಂದರೆ ಜೂನ್ ತಿಂಗಳು. ಒಂದು ಕಡೆ ಕಾಣದಿದ್ದರೆ ಇನ್ನೊಂದು ಕಡೆ ನೋಡಿ. ಎಷ್ಟೋ ಸಲ ಸೈಲೆನ್ಸರ್ ಇರುವ ಪಕ್ಕಕ್ಕೆ ಬಂದಿರುತ್ತದೆ, ಬಗ್ಗಿ ನೋಡಬೇಕಾಗುತ್ತದೆ.

ಆಮೇಲೆ ಗ್ರಿಪ್ ಗೆರೆಗಳ ಒಳಗೆ, ತಳದಲ್ಲಿ, ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಮೇಲೆ ನೋಡಿದರೆ ಕಾಣುವುದಿಲ್ಲ. ಎರಡು ಹೆಬ್ಬೆರಳಿನಿಂದ ಗೆರೆಯನ್ನು ಅಗಲಿಸಿ ನೋಡಬೇಕು. ಕೊನೆಗೆ ಉಗುರಿನಿಂದ ರಬ್ಬರ್ ಒತ್ತಿ. ಒಳ್ಳೆ ರಬ್ಬರ್ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರುತ್ತದೆ. ಹಳೆಯದು ಉಗುರನ್ನು ಒಳಗೇ ಬಿಡುವುದಿಲ್ಲ.

ತುಂಗಾತೀರ, ಶಿವಮೊಗ್ಗ

ನೋಡಿದೆ ಅಣ್ಣ. 3117 ಅಂತ ಇದೆ. ಗೆರೆಗಳ ತಳದಲ್ಲಿ ಬಿರುಕು ಇದೆ, ಹಿಂದೆ ಜಾಸ್ತಿ, ಮುಂದೆ ಕಮ್ಮಿ. ಉಗುರು ಇಳಿಯುತ್ತಿಲ್ಲ.

ಬೆಣ್ಣೆನಗರಿ ಟೈರ್, ದಾವಣಗೆರೆ

2017ರ ಆಗಸ್ಟ್ ಶುರುವಿನ ಮಾಲು. ಬದಲಾಯಿಸಿ. ಎರಡೂ.

ಸ್ಪ್ಲೆಂಡರ್ ನಿಷ್ಠ, ಹಾಸನ

ಅಂಗಡಿಯವರು ಬದಲಾಯಿಸಿ ಅಂತಲೇ ಹೇಳುತ್ತಾರೆ. ರಬ್ಬರ್ ಗಟ್ಟಿಯಾದರೆ ಸವೆಯುವುದು ಕಮ್ಮಿ, ಅದು ಒಳ್ಳೆಯದೇ ಅಲ್ವಾ? ಸುಮ್ನೆ ನಿಂತ ಟೈರ್ ಹೇಗೆ ಹಾಳಾಗುತ್ತದೆ ಅಂತ ಯಾರಾದರೂ ಬಿಡಿಸಿ ಹೇಳಲಿ.

ರಬ್ಬರ್ ಮೇಷ್ಟ್ರು, ಮೈಸೂರು

ಒಳ್ಳೆಯ ಪ್ರಶ್ನೆ. ನಾನು ಬಹಳ ಕಾಲ ಟೈರ್ ಕಾಂಪೌಂಡ್ (ಟೈರ್ ಮಾಡುವ ರಬ್ಬರ್ ಮಿಶ್ರಣ) ಕೆಲಸದಲ್ಲೇ ಇದ್ದವನು. ಮೈಸೂರಿನವರಿಗೆ ಟೈರ್ ಹೊಸ ವಿಷಯವಲ್ಲ. ವಿಕ್ರಾಂತ್ ಟೈರ್ ಕಂಪನಿ ಇಲ್ಲೇ ಇದ್ದದ್ದು, 1997ರಲ್ಲಿ ಜೆಕೆ ಟೈರ್ ಅದನ್ನು ತಗೊಂಡಿತು. ದ್ವಿಚಕ್ರ ವಾಹನದ ಟೈರ್ ಮಾಡುತ್ತಿದ್ದ ಫಾಲ್ಕನ್ ಕೂಡ ಕೆಆರ್‌ಎಸ್ ರಸ್ತೆಯಲ್ಲೇ ಇತ್ತು.

ಟೈರ್ ಅಂದರೆ ಬರೀ ರಬ್ಬರ್ ಅಲ್ಲ. ರಬ್ಬರ್ ಜೊತೆ ಕಾರ್ಬನ್ ಬ್ಲ್ಯಾಕ್, ಕೆಲವು ಟೈರ್‌ನಲ್ಲಿ ಸಿಲಿಕಾ, ಎಣ್ಣೆ, ಗಂಧಕ, ಮೇಣ, ಓಝೋನ್ ತಡೆಯುವ ರಾಸಾಯನಿಕ ಎಲ್ಲ ಇರುತ್ತದೆ. ಅಚ್ಚಿನಲ್ಲಿ ಬಿಸಿ ಮಾಡಿದಾಗ ಗಂಧಕವು ರಬ್ಬರ್‌ನ ಉದ್ದುದ್ದ ಎಳೆಗಳನ್ನು ಒಂದಕ್ಕೊಂದು ಕಟ್ಟುತ್ತದೆ. ಅದರಿಂದಲೇ ರಬ್ಬರ್‌ಗೆ ಎಳೆದು ಬಿಟ್ಟರೆ ವಾಪಸ್ ಬರುವ ಗುಣ. ಆದರೆ ಟೈರ್ ಕಾರ್ಖಾನೆ ಬಿಟ್ಟ ಮೇಲೂ ಈ ಕಟ್ಟುವ ಕೆಲಸ ಪೂರ್ತಿ ನಿಲ್ಲುವುದಿಲ್ಲ. ಗಾಳಿಯ ಆಮ್ಲಜನಕ ಮತ್ತು ಬಿಸಿಲಿನ ಶಾಖ ಸೇರಿ ನಿಧಾನವಾಗಿ ಇನ್ನಷ್ಟು ಗಂಟು ಹಾಕುತ್ತವೆ. ಮೆದುವಾಗಿಡುವ ಎಣ್ಣೆಯೂ ಕ್ರಮೇಣ ಹೊರಗೆ ಹೋಗುತ್ತದೆ. ರಬ್ಬರ್ ಗಡಸಾಗುತ್ತದೆ.

ಇನ್ನು ಮೇಣದ ಮಾತು. ಟೈರ್ ಓಡುವಾಗ ಬಾಗಿ ಬಳುಕಿ ಒಳಗಿನ ಮೇಣವನ್ನು ಮೇಲ್ಮೈಗೆ ತರುತ್ತದೆ. ಅದು ತೆಳ್ಳನೆಯ ಪದರವಾಗಿ ಓಝೋನ್ ತಡೆಯುತ್ತದೆ. ನಿಂತೇ ಇರುವ ಗಾಡಿಯಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ದಿನಾ ಓಡುವ ಟೈರ್‌ಗಿಂತ ನಿಂತ ಟೈರ್ ಬೇಗ ಬಿರಿಯುತ್ತದೆ.

ಈಗ ಗಟ್ಟಿಯಾದರೆ ಒಳ್ಳೆಯದಲ್ಲವೇ ಅನ್ನುವುದಕ್ಕೆ ಬರುತ್ತೇನೆ. ರಸ್ತೆಯ ಜಲ್ಲಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಏರುತಗ್ಗು ಇರುತ್ತದೆ. ಮೆದು ರಬ್ಬರ್ ಅದರೊಳಗೆ ಇಳಿದು ಹಿಡಿಯುತ್ತದೆ. ಒಣ ರಸ್ತೆಯಲ್ಲಿ ರಬ್ಬರ್ ಕಲ್ಲಿಗೆ ಅಂಟುವ ಗುಣವೂ ಸೇರಿಕೊಳ್ಳುತ್ತದೆ. ನೀರು ಬಿದ್ದ ತಕ್ಷಣ ಅಂಟುವುದು ಹೆಚ್ಚುಕಮ್ಮಿ ಹೋಗುತ್ತದೆ. ಉಳಿಯುವುದು ಇಳಿದು ಹಿಡಿಯುವುದು ಮಾತ್ರ. ಗಡಸಾದ ರಬ್ಬರ್ ಇಳಿಯುವುದೇ ಇಲ್ಲ. ತುಂಗಾತೀರ ಅವರ ಗಾಡಿ ಒಣ ರಸ್ತೆಯಲ್ಲಿ ಸರಿ ಇದ್ದು ಮಳೆಯಲ್ಲಿ ಮಾತ್ರ ಜಾರುವುದು ಇದಕ್ಕೇ. ಅವರ ಟೈರ್‌ನಲ್ಲಿ ಗೆರೆ ಉಳಿದಿದೆ, ಹಿಡಿತ ಉಳಿದಿಲ್ಲ.

ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಟೈರ್ ಪರೀಕ್ಷೆ ಮಾಡಿಸಿ, ಹೇಗೇ ಇದ್ದರೂ ಹತ್ತು ವರ್ಷಕ್ಕೆ ತೆಗೆಯಿರಿ ಅಂತ ದೊಡ್ಡ ಟೈರ್ ಕಂಪನಿಗಳೇ ಹೇಳುತ್ತವೆ. ಎರಡೇ ಚಕ್ರದ ಮೇಲೆ, ನಮ್ಮ ಬಿಸಿಲಿನಲ್ಲಿ, ನಾನಾದರೆ ಆರು ವರ್ಷದ ಮೇಲೆ ಇಡುವುದಿಲ್ಲ.

ಚಾರ್ಮಾಡಿ ಮಂಜು, ಮೂಡಿಗೆರೆ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹಿಮಾಲಯನ್ 411 ಬೈಕ್ ಓಡಿಸುತ್ತೇನೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯಲ್ಲಿ ಉಜಿರೆಗೆ ಮಳೆಯಲ್ಲೂ ಇಳಿಯುವ ಕೆಲಸ ಇರುತ್ತದೆ.

ಘಾಟಿಯಲ್ಲಿ ಟೈರ್‌ಗೆ ಎದುರಾಗುವುದು ಬರೀ ನೀರಲ್ಲ. ಮರದ ನೆರಳಿರುವ ತಿರುವುಗಳಲ್ಲಿ ರಸ್ತೆ ಅಂಚಿಗೆ ಪಾಚಿ ಕಟ್ಟಿರುತ್ತದೆ. ಗುಡ್ಡದಿಂದ ಇಳಿದ ಕೆಂಪು ಮಣ್ಣು ನೀರಿನ ಜೊತೆ ರಸ್ತೆಗೆ ಅಡ್ಡ ಹರಡಿರುತ್ತದೆ. ಕೊಳೆತ ಎಲೆ ಬೇರೆ. ಇಂಥ ಜಾಗದಲ್ಲಿ ಯಾವ ಬ್ರಾಂಡಿನ ಟೈರೂ ಪವಾಡ ಮಾಡುವುದಿಲ್ಲ. ಆದರೆ ಒಳ್ಳೆ ಟೈರ್ ಮುಂಚೆಯೇ ಹೇಳುತ್ತದೆ. ಸ್ವಲ್ಪ ಸರಿದು ಮತ್ತೆ ಹಿಡಿಯುತ್ತದೆ, ನಿಮಗೆ ಆಕ್ಸಿಲರೇಟರ್ ಬಿಡಲು ಸಮಯ ಸಿಗುತ್ತದೆ. ಗಟ್ಟಿಯಾದ ಟೈರ್ ಹೇಳದೆ ಕೇಳದೆ ಒಮ್ಮೆಲೇ ಹೋಗಿಬಿಡುತ್ತದೆ. ನನಗೆ ಟೈರ್‌ನಲ್ಲಿ ಬೇಕಾದ ಮೊದಲ ಗುಣ ಇದು. ಕಿಲೋಮೀಟರ್ ಎರಡನೆಯದು.

ಒಂದು ಮಾತು ಸೇರಿಸುತ್ತೇನೆ. ದಪ್ಪ ರಬ್ಬರ್ ಬಟನ್ ಇರುವ ಆಫ್‌ರೋಡ್ ಟೈರ್ ಮಳೆಗೆ ಒಳ್ಳೆಯದು ಅಂತ ತುಂಬಾ ಜನ ಹಾಕಿಸುತ್ತಾರೆ. ಕೆಸರಿಗೆ ಒಳ್ಳೆಯದು, ಒದ್ದೆ ಡಾಂಬರಿಗೆ ಅಲ್ಲ. ಬಟನ್ ನಡುವೆ ಜಾಗ ಜಾಸ್ತಿ ಅಂದರೆ ರಸ್ತೆಗೆ ತಾಗುವ ರಬ್ಬರ್ ಕಮ್ಮಿ. ಬ್ರೇಕ್ ಒತ್ತಿದಾಗ ಬಟನ್‌ಗಳು ವಾಲಾಡುತ್ತವೆ. ಎಷ್ಟೇ ದೊಡ್ಡ ಟೈರ್ ಆದರೂ ನೆಲಕ್ಕೆ ತಾಗುವುದು ಅಂಗೈ ಅಗಲದಷ್ಟು ಜಾಗ. ಅದರಲ್ಲೂ ಅರ್ಧ ಖಾಲಿ ಬಿಟ್ಟರೆ ಹೇಗೆ?

ಹಿಮಾಲಯನ್‌ನಲ್ಲಿ ಹಿಂದಿನ 120/90-17 ನನಗೆ ಹದಿನೈದು ಸಾವಿರದ ಆಚೀಚೆ ಬರುತ್ತದೆ. ಬಲಪಕ್ಕ ಎಡಕ್ಕಿಂತ ಜಾಸ್ತಿ ಸವೆಯುತ್ತದೆ. ನಾವು ರಸ್ತೆಯ ಎಡಕ್ಕೆ ಹೋಗುವುದರಿಂದ ಬಲ ತಿರುವು ಹೊರಗಿನ ಸುತ್ತು, ಉದ್ದ ಜಾಸ್ತಿ, ವೇಗವೂ ಜಾಸ್ತಿ. ಘಾಟಿ ಓಡಿಸುವವರು ತಮ್ಮ ಟೈರ್ ನೋಡಿಕೊಳ್ಳಿ, ಗೊತ್ತಾಗುತ್ತದೆ.

ಸ್ಪ್ಲೆಂಡರ್ ನಿಷ್ಠ, ಹಾಸನ

ಮೇಷ್ಟ್ರೇ, ಗಡಸು ರಬ್ಬರ್ ವಿಷಯ ಒಪ್ಪಿದೆ. ನನ್ನ ಟೈರ್ ಎರಡೂವರೆ ವರ್ಷಕ್ಕೆ ಮುಗಿಯುತ್ತದೆ, ವಯಸ್ಸಾಗುವಷ್ಟು ಉಳಿಯುವುದೇ ಇಲ್ಲ. ಆದರೆ ಎರಡು ಪಟ್ಟು ದುಡ್ಡು ಕೊಟ್ಟು ಅರ್ಧದಷ್ಟೇ ಕಿಲೋಮೀಟರ್ ಬರುವ ಮೆದು ಟೈರ್ ನಮ್ಮಂಥವರಿಗೆ ಯಾಕೆ ಬೇಕು?

ಡ್ಯೂಕ್ ದಾರಿ, ಬೆಂಗಳೂರು

ಸ್ಪ್ಲೆಂಡರ್‌ಗೆ ಬೇಡ ಸರ್, ನೀವು ಹೇಳುವುದು ಸರಿ. ನನ್ನ ಡ್ಯೂಕ್ 390 ಬೈಕಿಗೆ ಬೇಕು. ನನ್ನದು ಹಿಂದೆ 150/60-17. ಮೆದು ಕಾಂಪೌಂಡ್ ಹಾಕಿದರೆ ಹತ್ತು ಸಾವಿರ ಬಂದರೆ ಖುಷಿ. ದೂರ ಪ್ರಯಾಣದ ಟೂರಿಂಗ್ ಟೈರ್ ಹಾಕಿದರೆ ಇನ್ನೊಂದು ನಾಲ್ಕೈದು ಸಾವಿರ ಜಾಸ್ತಿ. ಎಂಜಿನ್ ಜೋರು, ಓಡಿಸುವ ರೀತಿಯೂ ಹಾಗೇ.

ಬಾಳಿಕೆ ಲೆಕ್ಕ ಹಾಕುವಾಗ ಹೈವೇ ಓಡಿಸುವವರು ಒಂದು ವಿಷಯ ಮರೆಯುತ್ತಾರೆ. ತುಮಕೂರು, ಚಿತ್ರದುರ್ಗ ಕಡೆ ನ್ಯಾಷನಲ್ ಹೈವೇ 48ರಲ್ಲಿ ಗಂಟೆಗಟ್ಟಲೆ ನೇರ ಹೋದರೆ ಟೈರ್‌ನ ನಡುಭಾಗ ಮಾತ್ರ ಸವೆದು ಚಪ್ಪಟೆಯಾಗುತ್ತದೆ. ಪಕ್ಕದಲ್ಲಿ ಹೊಸದರ ಹಾಗೇ ಇರುತ್ತದೆ. ನೋಡಿದವರು ಇನ್ನೂ ಗ್ರಿಪ್ ಇದೆಯಲ್ಲ ಅನ್ನುತ್ತಾರೆ. ಆದರೆ ತಿರುವಿನಲ್ಲಿ ಗಾಡಿ ವಾಲಿಸುವಾಗ ಆ ಚಪ್ಪಟೆಯ ಅಂಚು ಸಿಗುತ್ತದೆ. ಮೊದಲು ವಾಲಲು ಒಪ್ಪುವುದಿಲ್ಲ, ಅಂಚು ದಾಟಿದ ಮೇಲೆ ತಟ್ಟನೆ ಬೀಳುತ್ತದೆ. ನಡುವಿನ ಗೆರೆ ಪೂರ್ತಿ ಮುಗಿಯುವ ಮೊದಲೇ ಟೈರ್ ತನ್ನ ಆಕಾರ ಕಳೆದುಕೊಂಡಿರುತ್ತದೆ.

ರಸ್ತೆ ಬದಲಾದರೆ ಬಾಳಿಕೆ ಬದಲಾಗುವುದಕ್ಕೆ ಇನ್ನೊಂದು ಉದಾಹರಣೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ. ನಾವು ಸರ್ವಿಸ್ ರಸ್ತೆ. ಹಂಪ್ಸ್, ಜಂಕ್ಷನ್, ಮರಳು, ಎದುರಿನಿಂದ ಬರುವ ಗಾಡಿ. ದೂರ ಅಷ್ಟೇ, ಆದರೆ ಬ್ರೇಕ್ ಒತ್ತುವುದು, ಮತ್ತೆ ಎಳೆಯುವುದು ಎಷ್ಟು ಪಟ್ಟು ಹೆಚ್ಚು! ರಬ್ಬರ್ ಹೋಗುವುದೇ ಆ ಎರಡು ಹೊತ್ತಿನಲ್ಲಿ. ಒಂದೇ ವೇಗದಲ್ಲಿ ಸುಮ್ಮನೆ ಉರುಳುವಾಗ ಕಮ್ಮಿ.

125 ಡೆಲಿವರಿ, ಬೆಂಗಳೂರು

ಎಲ್ಲರೂ ಘಾಟಿ, ಹೈವೇ ಅಂತೀರಿ. ನಾನು ದಿನಕ್ಕೆ ನೂರು ನೂರಿಪ್ಪತ್ತು ಕಿಲೋಮೀಟರ್ ಊರೊಳಗೇ ಓಡಿಸುತ್ತೇನೆ. ಡೆಲಿವರಿ ಕೆಲಸ. ವರ್ಷಕ್ಕೆ ಒಂದು ಟೈರ್ ಸಾಲುವುದಿಲ್ಲ. ಹಿಂದಿನದು ಇಪ್ಪತ್ತೈದು ಸಾವಿರ ಬಂದರೆ ನನಗೆ ಲಾಭ, ಹದಿನೈದಕ್ಕೆ ಹೋದರೆ ನಷ್ಟ. ಬಾಳಿಕೆಯೇ ನನಗೆ ಮೊದಲು. ತಪ್ಪಾ?

ಚಾರ್ಮಾಡಿ ಮಂಜು, ಮೂಡಿಗೆರೆ

ತಪ್ಪಲ್ಲ ಬ್ರೋ. ಆದರೆ ಲೆಕ್ಕ ಮಾಡಿ ನೋಡಿ. 2,200 ರೂಪಾಯಿ ಟೈರ್ 25 ಸಾವಿರ ಓಡಿದರೆ ಕಿಲೋಮೀಟರಿಗೆ ಒಂಬತ್ತು ಪೈಸೆ. 3,000 ರೂಪಾಯಿ ಟೈರ್ 15 ಸಾವಿರ ಓಡಿದರೆ ಇಪ್ಪತ್ತು ಪೈಸೆ. ವ್ಯತ್ಯಾಸ ಹನ್ನೊಂದು ಪೈಸೆ. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ, 55 ಕಿಲೋಮೀಟರ್ ಮೈಲೇಜ್ ಅಂದರೂ ಕಿಲೋಮೀಟರಿಗೆ ಒಂದು ರೂಪಾಯಿ ಎಂಬತ್ತು ಪೈಸೆ ಮೇಲೆ. ಗಾಡಿ ಖರ್ಚಿನಲ್ಲಿ ಟೈರ್‌ನದು ಸಣ್ಣ ಪಾಲು.

125 ಡೆಲಿವರಿ, ಬೆಂಗಳೂರು

ಆ ಹನ್ನೊಂದು ಪೈಸೆ ದಿನಕ್ಕೆ ಹನ್ನೆರಡು ಹದಿಮೂರು ರೂಪಾಯಿ ಆಗುತ್ತದೆ ಅಣ್ಣ. ತಿಂಗಳಿಗೆ ಮುನ್ನೂರು ಮೇಲೆ. ಟೈರ್ ಹಾಕಿಸುವ ದಿನ ಎರಡು ಗಂಟೆ ಆರ್ಡರ್ ತಪ್ಪುತ್ತದೆ, ಅದೂ ಸೇರಿಸಿ. ನಿಮಗೆ ಸಣ್ಣದು, ನನಗೆ ಅಲ್ಲ.

ಬೆಣ್ಣೆನಗರಿ ಟೈರ್, ದಾವಣಗೆರೆ

ತಮ್ಮ ಹೇಳುವುದು ನ್ಯಾಯ. ಅವನ ದುಡಿಮೆ ಗಾಡಿ ಮೇಲೆ. ಅಂಥವರಿಗೆ ನಾನು ಕೊಡುವ ಸಲಹೆ ಬೇರೆ. ಹಿಂದಕ್ಕೆ ಬಾಳಿಕೆ ಬರುವ ಗಟ್ಟಿ ಟೈರ್ ಹಾಕಿಕೋ. ಮುಂದಕ್ಕೆ ಮಾತ್ರ ಒಳ್ಳೆಯ ಹಿಡಿತದ್ದು ಹಾಕು. ಮುಂದಿನ ಟೈರ್ ಹೇಗೂ ನಿಧಾನ ಸವೆಯುತ್ತದೆ, ಎಂಜಿನ್ ಎಳೆತ ಅದಕ್ಕಿಲ್ಲ, ಹೊರೆಯೂ ಕಮ್ಮಿ. ದುಡ್ಡು ಮುಳುಗುವುದಿಲ್ಲ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ನಿನ್ನನ್ನು ನಿಲ್ಲಿಸುವುದು ಆ ಟೈರೇ. ಹಿಂದೆ ಜಾರಿದರೆ ಬಹಳ ಸಲ ಸುಧಾರಿಸಿಕೊಳ್ಳಬಹುದು. ಮುಂದೆ ಜಾರಿದರೆ ಕೆಳಗೇ.

ಇನ್ನೊಂದು, ಗಾಳಿ. ಡೆಲಿವರಿ ಹುಡುಗರು ಬಂದರೆ ನಾನು ಮೊದಲು ಗಾಳಿ ನೋಡುತ್ತೇನೆ. ಇಪ್ಪತ್ತೆಂಟು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇರಬೇಕಾದ ಕಡೆ ಹದಿನೆಂಟು ಇರುತ್ತದೆ, ಹಿಂದೆ ದೊಡ್ಡ ಬ್ಯಾಗ್. ಗಾಳಿ ಕಮ್ಮಿ ಆದರೆ ಗೋಡೆ ಜಾಸ್ತಿ ಬಾಗಿ ಟೈರ್ ಬಿಸಿಯಾಗುತ್ತದೆ, ಎರಡು ಪಕ್ಕದ ಭುಜ ಬೇಗ ಸವೆಯುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಎಷ್ಟು ಹಿಡಿಸಬೇಕು ಅಂತ ಚೈನ್ ಕವರ್ ಮೇಲೋ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲೋ ಸ್ಟಿಕ್ಕರ್ ಇರುತ್ತದೆ. ಒಬ್ಬರಿಗೆ ಬೇರೆ, ಇಬ್ಬರಿಗೆ ಬೇರೆ. ಬ್ಯಾಗ್ ತುಂಬಿದ್ದರೆ ಇಬ್ಬರ ಲೆಕ್ಕ ಹಿಡಿ. ವಾರಕ್ಕೊಮ್ಮೆ ಗಾಳಿ ನೋಡಿದರೆ ಆ ಮುನ್ನೂರರಲ್ಲಿ ಸ್ವಲ್ಪವಾದರೂ ವಾಪಸ್ ಬರುತ್ತದೆ.

ಬೆಲೆ ವಿಚಾರ ಬಂತು ಅಂತ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆ ದರ ಹೇಳಿದರೆ ಬಿಲ್ ಕೇಳಿ.

ಸ್ಕೂಟರ್ ಸವಾರಿಣಿ, ಮೈಸೂರು

ಸ್ಕೂಟರ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನ್ನ ಆಕ್ಟಿವಾದಲ್ಲಿ ಹಿಂದೆ 90/100-10. ಮನೆಯವರ ಬೈಕ್ ಟೈರ್ ಒಂದು ಬದಲಾಗುವಷ್ಟರಲ್ಲಿ ನನ್ನದು ಎರಡು ಆಗುತ್ತದೆ. ಓಡಿಸುವುದು ನಿಧಾನವೇ. ಯಾಕೆ ಹೀಗೆ?

ರಬ್ಬರ್ ಮೇಷ್ಟ್ರು, ಮೈಸೂರು

ಮೇಡಂ, ಚಕ್ರ ಚಿಕ್ಕದು. ಅದೇ ದೂರ ಹೋಗಲು ಹತ್ತು ಇಂಚಿನ ಚಕ್ರ ಹದಿನೆಂಟು ಇಂಚಿನದಕ್ಕಿಂತ ಜಾಸ್ತಿ ಸುತ್ತು ಹಾಕಬೇಕು. ಟೈರ್‌ನ ಒಂದೊಂದು ಭಾಗವೂ ಹೆಚ್ಚು ಸಲ ನೆಲಕ್ಕೆ ತಾಗುತ್ತದೆ. ಅದರ ಮೇಲೆ ಸ್ಕೂಟರ್‌ನಲ್ಲಿ ಎಂಜಿನ್ ಭಾರ ಹಿಂದಿನ ಚಕ್ರದ ಹತ್ತಿರವೇ ಇರುತ್ತದೆ. ನಿಮ್ಮ ಓಡಿಸುವ ರೀತಿಯಲ್ಲಿ ದೋಷ ಇಲ್ಲ.

ತೊಗರಿ ನಾಡು, ಕಲಬುರಗಿ

ನಮ್ಮ ಕಡೆಯದೂ ಕೇಳ್ರಿ. ಮಲೆನಾಡಿನವರಿಗೆ ಮಳೆ ಚಿಂತೆ, ನಮಗೆ ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿ ಅಂದರೆ ಡಾಂಬರು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಮಧ್ಯಾಹ್ನ ಬಂಕಿನಾಗ ಗಾಳಿ ನೋಡಿಸಿ, ಜಾಸ್ತಿ ಐತಿ ಅಂತ ಬಿಡಿಸುವವರು ಬಹಳ ಮಂದಿ. ಅದು ತಪ್ಪು. ಟೈರ್ ಕಾದಾಗ ಒಳಗಿನ ಗಾಳಿ ಹಿಗ್ಗಿ ಒತ್ತಡ ಏರುತ್ತದೆ, ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ. ಸ್ಟಿಕ್ಕರ್‌ನಲ್ಲಿ ಬರೆದಿರುವುದು ತಣ್ಣನೆ ಟೈರಿನ ಲೆಕ್ಕ. ಮಧ್ಯಾಹ್ನ ಬಿಡಿಸಿದರೆ ಮರುದಿನ ಬೆಳಿಗ್ಗೆ ಕಮ್ಮಿ ಗಾಳಿಯಲ್ಲೇ ಹೋಗುತ್ತೀರಿ, ಮತ್ತೆ ಕಾಯುತ್ತದೆ. ನಾನು ಸಣ್ಣ ಗೇಜ್ ಮನೆಯಲ್ಲೇ ಇಟ್ಟುಕೊಂಡಿದ್ದೇನೆ, ಎದ್ದ ಕೂಡಲೇ ನೋಡುತ್ತೇನೆ.

ಗಾಡಿ ಬಿಸಿಲಿನಾಗ ನಿಲ್ಲಿಸುವುದು ತಪ್ಪಿಸಿರಿ. ದಿನಪೂರ್ತಿ ಆಫೀಸ್ ಮುಂದೆ ಒಂದೇ ಮಗ್ಗುಲಿಗೆ ಬಿಸಿಲು ಬೀಳುವ ಹಾಗೆ ನಿಂತ ಗಾಡಿಯ ಟೈರ್ ಒಂದು ಪಕ್ಕ ಮಾತ್ರ ಬಿರಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಮಳೆ ಬಂದರೆ ನಮ್ಮ ಎರೆಮಣ್ಣು. ಟ್ರ್ಯಾಕ್ಟರ್ ಹೊಲದಿಂದ ತಂದು ರಸ್ತೆ ಮೇಲೆ ಸುರಿದಿರುತ್ತದೆ. ಟೈರ್ ಗೆರೆಯಲ್ಲಿ ಮೆತ್ತಿಕೊಂಡರೆ ಹೊಸ ಟೈರೂ ಬೋಳು ಟೈರೂ ಒಂದೇ. ಸುಗ್ಗಿಯಲ್ಲಿ ರಸ್ತೆ ಮೇಲೆ ಕಾಳು ಒಕ್ಕಲು ಹಾಸಿರುತ್ತಾರೆ, ಅದರ ಮೇಲೆ ಬ್ರೇಕ್ ಮುಟ್ಟಲೇಬಾರದು. ಎಬಿಎಸ್ ಇದೆ ಅಂತ ಧೈರ್ಯ ಮಾಡುವ ಹುಡುಗರಿಗೆ ಹೇಳುತ್ತೇನೆ, ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡುತ್ತದೆ ಅಷ್ಟೇ. ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರುತ್ತದೆ?

ಸ್ಪ್ಲೆಂಡರ್ ನಿಷ್ಠ, ಹಾಸನ

ಇನ್ನೂ ಎಷ್ಟು ಓಡುತ್ತದೆ ಅಂತ ಮುಂಚೆಯೇ ತಿಳಿಯುವ ದಾರಿ ಇದೆಯಾ? ನಾನು ಈವರೆಗೆ ನುಣ್ಣಗೆ ಕಂಡ ಮೇಲೆ ಬದಲಾಯಿಸುತ್ತಿದ್ದೆ.

ಡ್ಯೂಕ್ ದಾರಿ, ಬೆಂಗಳೂರು

ಇದೆ ಸರ್. ಟ್ರೆಡ್ ಡೆಪ್ತ್ ಗೇಜ್ ಅಂತ ಸಿಗುತ್ತದೆ, ಅಗ್ಗದ್ದೇ ಸಾಕು. ಟೈರ್ ಹೊಸದಾಗಿದ್ದಾಗ ನಡುವಿನ ಗೆರೆಯ ಆಳ ಅಳೆದು ಬರೆದಿಟ್ಟುಕೊಳ್ಳಿ. ಏಳು ಮಿಲಿಮೀಟರ್ ಇತ್ತು ಅನ್ನೋಣ. ಆರು ಸಾವಿರ ಕಿಲೋಮೀಟರ್ ಆದ ಮೇಲೆ ಅದೇ ಗೆರೆಯಲ್ಲಿ ಐದು ಇದ್ದರೆ ಒಂದು ಮಿಲಿಮೀಟರಿಗೆ ಮೂರು ಸಾವಿರ. ಟೈರ್ ಗೋಡೆಯ ಮೇಲೆ ಸಣ್ಣ ತ್ರಿಕೋನವೋ ಟಿ.ಡಬ್ಲ್ಯು.ಐ. (ಸವೆತ ತೋರಿಸುವ ಗುರುತು) ಅಕ್ಷರವೋ ಇರುತ್ತದೆ. ಅದರ ನೇರಕ್ಕೆ ಗೆರೆಯೊಳಗೆ ಒಂದು ಪುಟ್ಟ ದಿಬ್ಬ ಕಾಣುತ್ತದೆ. ಗ್ರಿಪ್ ಸವೆದು ಆ ದಿಬ್ಬದ ಸಮ ಬಂತು ಅಂದರೆ ಟೈರ್ ಮುಗಿಯಿತು. ಆ ದಿಬ್ಬ ಒಂದು ಮಿಲಿಮೀಟರ್ ಇದ್ದರೆ ನಿಮಗೆ ಇನ್ನು ನಾಲ್ಕು ಮಿಲಿಮೀಟರ್, ಹನ್ನೆರಡು ಸಾವಿರ. ಅಂದಾಜು ಮಾತ್ರ. ಹೊಸ ಟೈರ್ ಶುರುವಿನಲ್ಲಿ ಸ್ವಲ್ಪ ಬೇಗ ಸವೆಯುತ್ತದೆ.

ದಿಬ್ಬ ಮುಟ್ಟುವ ತನಕ ಕಾಯಬೇಕು ಅಂತೇನಿಲ್ಲ. ಜೂನ್ ಬರುವಾಗ ಎರಡು ಮಿಲಿಮೀಟರ್ ಇದ್ದರೆ ನಾನು ಆಗಲೇ ತೆಗೆಯುತ್ತೇನೆ. ಮಳೆಗಾಲಕ್ಕೆ ಮುಂಚೆ ಹೊಸದು ಬೇಕು, ಮುಗಿದ ಮೇಲೆ ಅಲ್ಲ.

ಕೈಯಿಂದಲೂ ಒಂದು ಪರೀಕ್ಷೆ ಮಾಡಿ. ಮುಂದಿನ ಟೈರ್ ಮೇಲೆ ಅಂಗೈ ಇಟ್ಟು ಚಕ್ರ ತಿರುಗುವ ದಿಕ್ಕಿಗೆ ಒಮ್ಮೆ ಸವರಿ, ಆಮೇಲೆ ಉಲ್ಟಾ ಸವರಿ. ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಗರಗಸದ ಹಲ್ಲು ಸಿಕ್ಕಂತೆ ಆದರೆ ಗೆರೆಗಳ ನಡುವಿನ ಒಂದೊಂದು ರಬ್ಬರ್ ಬ್ಲಾಕ್‌ನ ಒಂದೇ ಅಂಚು ಸವೆಯುತ್ತಿದೆ. ಗಾಳಿ ಕಮ್ಮಿ ಇರಬಹುದು, ಶಾಕ್ ಅಬ್ಸಾರ್ಬರ್ ಎಣ್ಣೆ ಹಳೆಯದಾಗಿರಬಹುದು. ಹ್ಯಾಂಡಲ್‌ನಲ್ಲಿ ಗುಂಯ್ ಅನ್ನುವ ನಡುಕ ಬರುವುದು ಅದರಿಂದಲೇ.

ಬೆಣ್ಣೆನಗರಿ ಟೈರ್, ದಾವಣಗೆರೆ

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು ಇದನ್ನು ಓದಲೇಬೇಕು. ಬೋಳಾದ ಟೈರ್‌ಗೆ ಬಿಸಿ ಬ್ಲೇಡಿನಿಂದ ಹೊಸ ಗೆರೆ ಕೊರೆದು ಕರಿ ಪಾಲಿಶ್ ಹೊಡೆದು ಮಾರುವುದು ನಡೆಯುತ್ತಿದೆ. ಕೊರೆದ ಗೆರೆ ಕೆಳಗೆ ಉಳಿದಿರುವುದು ನೈಲಾನ್ ದಾರದ ಪದರ ಮಾತ್ರ. ಹೈವೇಯಲ್ಲಿ ಅಂಥ ಟೈರ್ ಒಡೆದರೆ ಸವಾರ ಉಳಿಯುವುದು ಕಷ್ಟ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಗುರುತಿಸುವುದು ಸುಲಭ. ಕಂಪನಿ ಗೆರೆಯ ತಳ ನುಣುಪಾಗಿ, ಒಂದೇ ಆಳದಲ್ಲಿ ಇರುತ್ತದೆ, ದಿಬ್ಬವೂ ಇರುತ್ತದೆ. ಕೊರೆದದ್ದು ಅಂಕುಡೊಂಕು, ದಿಬ್ಬ ಕತ್ತರಿಸಿ ಹೋಗಿರುತ್ತದೆ. ಬ್ಲೇಡ್ ನಿಂತ ಕಡೆ ಸಣ್ಣ ಗೀರು ಕಾಣುತ್ತದೆ.

ಪಾಲಿಶ್ ಅಂದೆನಲ್ಲ, ಹೊಸ ಟೈರ್‌ಗೂ ಹೊಡೆಸಬೇಡಿ. ಗೋಡೆಗೆ ಹೊಡೆದದ್ದು ನೆಲಕ್ಕೆ ತಾಗುವ ಕಡೆಗೂ ಹರಡುತ್ತದೆ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡೂ ಬದಲಾಯಿಸುತ್ತೇನೆ. ಮೆಕ್ಯಾನಿಕ್ ಒಬ್ಬರು ಹಿಂದೆ 130 ಅಗಲದ್ದು ಹಾಕಿಸಿ, ಮಳೆಯಲ್ಲಿ ಹಿಡಿತ ಜಾಸ್ತಿ ಬರುತ್ತದೆ, ನೋಡಲೂ ಚೆಂದ ಅನ್ನುತ್ತಿದ್ದಾರೆ. ಹಾಕಬಹುದಾ?

ರಬ್ಬರ್ ಮೇಷ್ಟ್ರು, ಮೈಸೂರು

ಬೇಡ. ನಿಮ್ಮ ರಿಮ್ 110ಕ್ಕೆ ಮಾಡಿದ್ದು. ಅದಕ್ಕೆ 130 ಏರಿಸಿದರೆ ಎರಡು ಅಂಚು ಒಳಕ್ಕೆ ಒತ್ತಿ ಟೈರ್‌ನ ನಡು ಉಬ್ಬುತ್ತದೆ. ಟೈರ್ ಅಗಲವಾದರೂ ನೆಲಕ್ಕೆ ತಾಗುವ ಜಾಗ ಅಗಲವಾಗುವುದಿಲ್ಲ. ಗಾಡಿ ವಾಲಲು ಸೋಮಾರಿಯಾಗುತ್ತದೆ, ಮೈಲೇಜ್ ಇಳಿಯುತ್ತದೆ, ಚೈನ್ ಕಡೆ ತಾಗುವ ಭಯ ಬೇರೆ. ಒದ್ದೆಯಲ್ಲಿ ಹಿಡಿತ ಬೇಕಾದರೆ ಅಗಲ ನೋಡಬೇಡಿ, ಕಾಂಪೌಂಡ್ ನೋಡಿ. ಸಿಲಿಕಾ ಇರುವ ಕಾಂಪೌಂಡ್ ಒದ್ದೆ ರಸ್ತೆಗೆ ಒಳ್ಳೆಯದು.

ಸೈಜ್ ಜೊತೆಗೆ ಇನ್ನೊಂದು ಅಂಕಿ ಮತ್ತು ಅಕ್ಷರ ಇರುತ್ತದೆ, 55 ಪಿ ಅನ್ನುವ ಹಾಗೆ. 55 ಅಂದರೆ 218 ಕೆಜಿ ಹೊರುತ್ತದೆ, ಪಿ ಅಂದರೆ ಗಂಟೆಗೆ 150 ಕಿಲೋಮೀಟರ್ ತನಕ. ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇರುವುದನ್ನು ಹಾಕಿಸಬೇಡಿ, ಜಾಸ್ತಿ ಇದ್ದರೆ ಪರವಾಗಿಲ್ಲ. ಅಂಗಡಿಯಲ್ಲಿ ಮಾಲು ಕೈಗೆ ಕೊಟ್ಟಾಗ ಮೊದಲು ಆ ನಾಲ್ಕು ಅಂಕಿ ಓದಿ. ಎರಡು ವರ್ಷ ಗೋದಾಮಿನಲ್ಲಿ ಇದ್ದದ್ದನ್ನು ಹೊಸದರ ಬೆಲೆಗೆ ತಗೊಳ್ಳಬೇಡಿ.

ಚಾರ್ಮಾಡಿ ಮಂಜು, ಮೂಡಿಗೆರೆ

ಹಾಕಿಸಿದ ದಿನವೇ ಆಗುಂಬೆ ಘಾಟಿಗೆ ಇಳಿಯಬೇಡಿ. ಹೊಸ ಟೈರ್ ಮೇಲ್ಮೈ ನುಣುಪಾಗಿರುತ್ತದೆ. ನೂರೈವತ್ತು ಇನ್ನೂರು ಕಿಲೋಮೀಟರ್ ಒಣ ರಸ್ತೆಯಲ್ಲಿ ನಿಧಾನ ಓಡಿಸಿ, ಪ್ರತಿ ತಿರುವಿನಲ್ಲೂ ಸ್ವಲ್ಪ ಸ್ವಲ್ಪವೇ ಜಾಸ್ತಿ ವಾಲಿಸಿ. ಪಕ್ಕದ ರಬ್ಬರೂ ಉಜ್ಜಿ ಒರಟಾಗಬೇಕು. ಆಮೇಲೆ ಹದಿನಾಲ್ಕು ಹೇರ್‌ಪಿನ್ನೂ ನಿಮ್ಮದೇ.

ಸ್ಪ್ಲೆಂಡರ್ ನಿಷ್ಠ, ಹಾಸನ

ಟೈರ್ ಹಾಕಿಸುವಾಗ ಟ್ಯೂಬ್ ಹಳೆಯದೇ ನಡೆಯುತ್ತದಾ? ನಮ್ಮ ಕಡೆ ಅದೇ ಹಾಕುತ್ತಾರೆ.

ಬೆಣ್ಣೆನಗರಿ ಟೈರ್, ದಾವಣಗೆರೆ

ಬೇಡ ಸರ್, ಟ್ಯೂಬೂ ಹೊಸದು ಹಾಕಿಸಿ. ಹಳೆ ಟ್ಯೂಬ್ ಹಿಗ್ಗಿ ದೊಡ್ಡದಾಗಿರುತ್ತದೆ. ಹೊಸ ಟೈರ್ ಒಳಗೆ ಮಡಿಕೆ ಬಿದ್ದು, ಆ ಮಡಿಕೆ ಉಜ್ಜಿ ಉಜ್ಜಿ ತೂತಾಗುತ್ತದೆ. ಸ್ಪೋಕ್ಸ್ ತುದಿ ಚುಚ್ಚದಂತೆ ರಿಮ್‌ಗೆ ಸುತ್ತಿರುವ ಪಟ್ಟಿಯೂ ನೋಡಿಸಿ, ಹರಿದಿದ್ದರೆ ಅದೂ ಹೊಸದು. ಪೌಡರ್ ಹಾಕಿ ಟ್ಯೂಬ್ ಕೂರಿಸಿ ಅಂತ ಹೇಳಿ. ಗೋಡೆಯ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇರಬೇಕು. ಹಳದಿ ಚುಕ್ಕೆ ಇದ್ದರೆ ಅದು ಟೈರ್‌ನ ಹಗುರ ಜಾಗ, ವಾಲ್ವ್ ನೇರಕ್ಕೆ ಬರಲಿ.

ಆಮೇಲೆ ತಿಂಗಳಿಗೊಮ್ಮೆ ವಾಲ್ವ್ ನೋಡಿ. ರಿಮ್‌ನಿಂದ ನೇರ ನಿಂತಿದ್ದರೆ ಸರಿ. ಓರೆಯಾಗಿದ್ದರೆ ಗಾಳಿ ಕಮ್ಮಿ ಇದ್ದಾಗ ಬ್ರೇಕ್ ಒತ್ತಿ ಟೈರ್ ರಿಮ್ ಮೇಲೆ ಜರುಗಿದೆ, ಟ್ಯೂಬನ್ನೂ ಎಳೆದುಕೊಂಡಿದೆ ಅಂತ ಅರ್ಥ. ಹಾಗೇ ಬಿಟ್ಟರೆ ಬುಡದಲ್ಲೇ ಹರಿಯುತ್ತದೆ, ಗಾಳಿ ಒಂದೇ ಸಲಕ್ಕೆ ಹೋಗುತ್ತದೆ. ಅಂಗಡಿಗೆ ತಂದು ಗಾಳಿ ಪೂರ್ತಿ ಬಿಡಿಸಿ, ಟೈರ್ ತಿರುಗಿಸಿ, ನೇರ ಕೂರಿಸಿಕೊಂಡು ಹೋಗಿ. ಹತ್ತು ನಿಮಿಷದ ಕೆಲಸ.